ಸರ್ಕಾರಿ ಕಾಮಗಾರಿ ಹುಡುಕುವುದು ಹೇಗೆ: ಟೆಂಡರ್‌ಗಿಂತ ಮೊದಲು ಅನುದಾನದ ಜಾಡು ಹಿಡಿಯಿರಿ

ಹೊಸದಾಗಿ ಲೈಸೆನ್ಸ್ ಮಾಡಿಸಿದವರು ಸಾಮಾನ್ಯವಾಗಿ ಮಾಡುವುದು ಇಷ್ಟು. ಬೆಳಿಗ್ಗೆ ಎದ್ದು ಟೆಂಡರ್ ಪೋರ್ಟಲ್ ತೆಗೆಯುತ್ತಾರೆ, ತಾಲ್ಲೂಕಿನ ಹೆಸರು ಹಾಕಿ ಹುಡುಕುತ್ತಾರೆ, ಸಿಕ್ಕಿದ್ದರಲ್ಲಿ ಒಂದೆರಡಕ್ಕೆ ಇಎಂಡಿ (ಮುಂಗಡ ಠೇವಣಿ) ಕಟ್ಟಿ ಹಾಕುತ್ತಾರೆ. ಒಂದೋ ಅರ್ಹತೆ ನೋಡುವ ಟೆಕ್ನಿಕಲ್ ಬಿಡ್‌ನಲ್ಲೇ ಹೊರಬೀಳುತ್ತಾರೆ, ಇಲ್ಲವಾದರೆ ಕೆಲಸ ಸಿಕ್ಕಿ, ಮುಗಿಸಿ, ಬಿಲ್ ಬಾರದೆ ಒದ್ದಾಡುತ್ತಾರೆ. ಎರಡಕ್ಕೂ ಮೂಲ ಒಂದೇ. ಟೆಂಡರ್ ಬಂದ ಮೇಲೆ ಹುಡುಕಲು ಶುರು ಮಾಡಿದ್ದು. ಪ್ರಕಟಣೆ ಹೊರಬೀಳುವ ಹೊತ್ತಿಗೆ ಆ ಕಾಮಗಾರಿಯ ಫೈಲು ಕಚೇರಿಗಳಲ್ಲಿ ತಿಂಗಳುಗಟ್ಟಲೆ ಓಡಾಡಿರುತ್ತದೆ, ಮತ್ತು ಅದರಲ್ಲಿ ಎಷ್ಟೋ ಕಾಗದಗಳು ಯಾರು ಬೇಕಾದರೂ ನೋಡಬಹುದಾದಂಥವು.

ಇದು ಕರ್ನಾಟಕದ ಸಣ್ಣ ಮತ್ತು ಮಧ್ಯಮ ಸಿವಿಲ್ ಗುತ್ತಿಗೆದಾರರಿಗೆ ಬರೆದದ್ದು. ಸಿಸಿ ರಸ್ತೆ, ಚರಂಡಿ, ಶಾಲಾ ಕೊಠಡಿ, ಅಂಗನವಾಡಿ, ಚೆಕ್ ಡ್ಯಾಂ, ಪೈಪ್‌ಲೈನ್, ಇಂಥ ಕೆಲಸ ಮಾಡುವವರಿಗೆ. ನೂರಾರು ಕೋಟಿಯ ಹೆದ್ದಾರಿ ಪ್ಯಾಕೇಜ್ ಹಿಡಿಯುವವರಿಗೆ ಅವರದೇ ಆಫೀಸು, ಅವರದೇ ಟೆಂಡರ್ ತಂಡ ಇರುತ್ತದೆ. ಅವರಿಗೆ ನಮ್ಮ ಮಾತು ಬೇಕಿಲ್ಲ.

ದುಡ್ಡು ಹರಿಯುವ ದಾರಿ

ಒಂದು ಕಾಮಗಾರಿ ಹುಟ್ಟುವುದು ಹೀಗೆ. ವರ್ಷದ ಮೊದಲ ತಿಂಗಳುಗಳಲ್ಲಿ ಬಜೆಟ್ ಬರುತ್ತದೆ. ಅದರಲ್ಲಿ ಪ್ರತಿ ಇಲಾಖೆಗೂ ಲೆಕ್ಕ ಶೀರ್ಷಿಕೆವಾರು (ಯಾವ ಬಗೆಯ ಖರ್ಚು ಅಂತ ಗುರುತಿಸುವ ಸಂಖ್ಯೆ) ಅನುದಾನ ಇಡುತ್ತಾರೆ. ಆ ಅನುದಾನಕ್ಕೆ ಯಾವ ಊರಿನಲ್ಲಿ ಯಾವ ಕೆಲಸ ಅಂತ ಪಟ್ಟಿ ಮಾಡುತ್ತಾರೆ, ಅದೇ ಕ್ರಿಯಾಯೋಜನೆ. ಕ್ರಿಯಾಯೋಜನೆ ಒಪ್ಪಿಗೆಯಾದ ಮೇಲೆ ಎಂಜಿನಿಯರುಗಳು ಅಂದಾಜುಪಟ್ಟಿ ತಯಾರು ಮಾಡುತ್ತಾರೆ. ಅದಕ್ಕೆ ಆಡಳಿತಾತ್ಮಕ ಅನುಮೋದನೆ ಬೇಕು, ಆಮೇಲೆ ತಾಂತ್ರಿಕ ಮಂಜೂರಾತಿ, ಆಮೇಲೆ ಕರಡು ಟೆಂಡರ್ ಪತ್ರಕ್ಕೆ ಒಪ್ಪಿಗೆ. ಇಷ್ಟೆಲ್ಲ ಆದ ಮೇಲೆ ಪೋರ್ಟಲ್‌ನಲ್ಲಿ ಪ್ರಕಟಣೆ. ಗುದ್ದಲಿ ಪೂಜೆಯ ಫೋಟೋ ಪೇಪರಿನಲ್ಲಿ ನೋಡಿ ಎಂಜಿನಿಯರ್ ಹತ್ತಿರ ಓಡುವವರಿದ್ದಾರೆ. ಸಾಮಾನ್ಯವಾಗಿ ಆ ಹೊತ್ತಿಗೆ ವರ್ಕ್ ಆರ್ಡರ್ ಬೇರೆಯವರ ಜೇಬಿನಲ್ಲಿರುತ್ತದೆ.

ಹಾಗಾಗಿ ನಿಮ್ಮ ಹುಡುಕಾಟ ಶುರುವಾಗಬೇಕಾದದ್ದು ಬಜೆಟ್ ಪುಸ್ತಕದಿಂದ. ಆರ್ಥಿಕ ಇಲಾಖೆಯ ವೆಬ್‌ಸೈಟ್‌ನಲ್ಲಿ ಅದು ಉಚಿತವಾಗಿ ಸಿಗುತ್ತದೆ. ಭಾಷಣ ಓದಿದರೆ ಸಾಲದು, ಬೇಡಿಕೆಗಳ ವಿವರ ಇರುವ ಸಂಪುಟಗಳನ್ನು ತೆಗೆಯಿರಿ. ಕೆಲವು ಶೀರ್ಷಿಕೆಗಳನ್ನು ಬಾಯಿಪಾಠ ಮಾಡಿಕೊಂಡರೆ ಕೆಲಸ ಸಲೀಸು. 5054 ಅಂದರೆ ರಸ್ತೆ ಮತ್ತು ಸೇತುವೆಗಳ ಬಂಡವಾಳ ವೆಚ್ಚ. 3054 ಅದೇ ರಸ್ತೆಗಳ ನಿರ್ವಹಣೆ. 4059 ಸರ್ಕಾರಿ ಕಟ್ಟಡ, 4202 ಶಾಲೆ ಕಾಲೇಜು ಕಡೆಯದು, 4210 ಆಸ್ಪತ್ರೆ, 4702 ಸಣ್ಣ ನೀರಾವರಿ. ಹೋದ ವರ್ಷಕ್ಕಿಂತ ಈ ವರ್ಷ ಯಾವ ಶೀರ್ಷಿಕೆಯಲ್ಲಿ ದುಡ್ಡು ಏರಿದೆ, ಯಾವುದರಲ್ಲಿ ಇಳಿದಿದೆ ಅಂತ ಒಂದು ಸಂಜೆ ಕೂತು ನೋಡಿದರೆ, ಈ ವರ್ಷ ನೀವು ರೋಡ್ ರೋಲರ್ ಮೇಲೆ ದುಡ್ಡು ಹಾಕಬೇಕೋ ಸೆಂಟ್ರಿಂಗ್ ಶೀಟ್ ಮೇಲೆ ಹಾಕಬೇಕೋ ಅಂತ ಒಂದು ಅಂದಾಜು ಸಿಗುತ್ತದೆ. ಲೋಕೋಪಯೋಗಿ ಇಲಾಖೆಯ ರಸ್ತೆ ಕೆಲಸಗಳಿಗೆ 'ಅಪೆಂಡಿಕ್ಸ್-ಇ' ಅಂತ ಕಾಮಗಾರಿವಾರು ಪಟ್ಟಿಯೇ ಇದೆ. ವಿಭಾಗ ಕಚೇರಿಯಲ್ಲಿ "ಸಾರ್, ಇದು ಅಪೆಂಡಿಕ್ಸ್-ಇ ನಲ್ಲಿದೆಯಾ?" ಅಂತ ಕೇಳಿ ನೋಡಿ, ಅವರು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ.

ಕ್ರಿಯಾಯೋಜನೆ ಕೈಗೆ ಸಿಗುವುದು ಎಲ್ಲಿ

ಗ್ರಾಮ ಪಂಚಾಯಿತಿ ಮಟ್ಟದ್ದು ಸುಲಭ. ಕೇಂದ್ರದ ಇ-ಗ್ರಾಮಸ್ವರಾಜ್ ಪೋರ್ಟಲ್‌ನಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ ಆ ವರ್ಷದ ಯೋಜನೆ, ಹಣಕಾಸು ಆಯೋಗದ ಅನುದಾನದಲ್ಲಿ ಏನೇನು ಕೆಲಸ ಹಾಕಿದ್ದಾರೆ ಅನ್ನುವುದು ಕಾಣುತ್ತದೆ. ನಮ್ಮ ಗ್ರಾಮೀಣಾಭಿವೃದ್ಧಿ ಇಲಾಖೆಯ 'ಗಾಂಧಿ ಸಾಕ್ಷಿ ಕಾಯಕ' ತಂತ್ರಾಂಶ ಕೂಡ ಕಾಮಗಾರಿ ಮತ್ತು ಪಾವತಿಗಳ ಜಾಡು ಇಡುವುದಕ್ಕೇ ಇರುವುದು. ಪಂಚಾಯಿತಿ ಕೆಲಸದ ಮೊತ್ತ ಚಿಕ್ಕದು ನಿಜ. ಆದರೆ ಮೊದಲ ಅನುಭವ ಪತ್ರ ಅಲ್ಲಿಂದಲೇ ಸಿಗುವುದು ಜಾಸ್ತಿ. ಒಂದು ಮಾತು ನೆನಪಿರಲಿ. ಉದ್ಯೋಗ ಖಾತ್ರಿ ಕೆಲಸಗಳಲ್ಲಿ ಗುತ್ತಿಗೆದಾರರಿಗೆ ಜಾಗವೇ ಇಲ್ಲ, ಅದು ಕಾನೂನಿನಲ್ಲೇ ಇರುವ ನಿಷೇಧ. "ನರೇಗಾ ಕೆಲಸ ಮಾಡಿಕೊಡಿ, ಬಿಲ್ ನಾನು ನೋಡಿಕೊಳ್ಳುತ್ತೇನೆ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಸಮುದಾಯ ಭವನ, ಬಸ್ ತಂಗುದಾಣ, ಶಾಲಾ ಕಾಂಪೌಂಡು, ಇಂಥವು ಇದರಲ್ಲಿ ಬರುತ್ತವೆ. ಪಟ್ಟಿ ಜಿಲ್ಲಾಧಿಕಾರಿ ಕಚೇರಿಯಲ್ಲಿರುತ್ತದೆ. ಪಟ್ಟಣದವರಾದರೆ ನಗರಸಭೆ ಅಥವಾ ಪುರಸಭೆಯ ಸಾಮಾನ್ಯ ಸಭೆಯ ನಡಾವಳಿ ಓದಿ, ಕ್ರಿಯಾಯೋಜನೆ ಅಲ್ಲೇ ಒಪ್ಪಿಗೆಯಾಗುವುದು.

ಪ್ರದೇಶಾಭಿವೃದ್ಧಿ ಮಂಡಳಿಗಳನ್ನು ತುಂಬಾ ಜನ ಮರೆಯುತ್ತಾರೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಯವರಾದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕ್ರಿಯಾಯೋಜನೆ ನಿಮ್ಮ ಮೊದಲ ಕಾಗದವಾಗಬೇಕು. ಸಂವಿಧಾನದ 371 ಜೆ ವಿಧಿಯ ಆಸರೆ ಇರುವುದರಿಂದ ಅಲ್ಲಿಗೆ ಬರುವ ಅನುದಾನ ಸಣ್ಣದಲ್ಲ, ಇತ್ತೀಚಿನ ಬಜೆಟ್‌ಗಳಲ್ಲಿ 5,000 ಕೋಟಿಯ ಘೋಷಣೆ ಕೇಳಿದ್ದೇವೆ. ಶಿವಮೊಗ್ಗದಲ್ಲಿ ಮಲೆನಾಡು ಅಭಿವೃದ್ಧಿ ಮಂಡಳಿ ಇದೆ, ಚಿತ್ರದುರ್ಗದಲ್ಲಿ ಬಯಲುಸೀಮೆಯದು ಇದೆ. ಅವುಗಳ ಗಾತ್ರ ಚಿಕ್ಕದು, ಆದರೆ ಕಾಲುಸಂಕ, ಸಣ್ಣ ಸೇತುವೆ, ಚೆಕ್ ಡ್ಯಾಂ ಮಾಡುವವರಿಗೆ ಸರಿಯಾದ ಅಳತೆಯ ಕೆಲಸ ಅಲ್ಲಿರುತ್ತದೆ.

ಇನ್ನು, ಎಸ್‌ಸಿಎಸ್‌ಪಿ ಮತ್ತು ಟಿಎಸ್‌ಪಿ, ಅಂದರೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಗಳು. 2013ರ ಕಾಯ್ದೆಯ ಪ್ರಕಾರ ಪರಿಶಿಷ್ಟರ ಜನಸಂಖ್ಯೆಗೆ ತಕ್ಕಷ್ಟು, ಅಂದರೆ ಶೇಕಡಾ 24.1ರಷ್ಟು ಹಣ ಬೇರೆ ತೆಗೆದಿಡಬೇಕು. ಕಾಲೊನಿಗಳ ಸಿಸಿ ರಸ್ತೆ, ಚರಂಡಿ, ಹಾಸ್ಟೆಲ್ ಕಟ್ಟಡ ಎಲ್ಲ ಇದರಲ್ಲಿ. ಎಲ್ಲ ಇಲಾಖೆಗಳಲ್ಲೂ ಈ ಹಣ ಹಂಚಿಹೋಗಿರುವುದರಿಂದ ಒಂದೇ ಕಡೆ ಹುಡುಕಿದರೆ ಸಿಗುವುದಿಲ್ಲ. ಇಲಾಖೆವಾರು ನೋಡಬೇಕು.

ಕಚೇರಿಯಲ್ಲಿ ಪಟ್ಟಿ ಕೊಡದಿದ್ದರೆ? ಮೊದಲು ಸುಮ್ನೆ ಕೇಳಿ. ಜಗಳ ಬೇಡ. ಕ್ರಿಯಾಯೋಜನೆ ಗುಟ್ಟಿನ ಕಾಗದವೇನಲ್ಲ, ಹೆಚ್ಚಿನ ಎಇಇಗಳು (ಸಹಾಯಕ ಕಾರ್ಯಪಾಲಕ ಎಂಜಿನಿಯರುಗಳು) ಝೆರಾಕ್ಸ್ ಮಾಡಿಕೊಳ್ಳಿ ಅಂತಾರೆ. ಕೊಡಲೇ ಇಲ್ಲ ಅಂದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಕರ್ನಾಟಕದಲ್ಲಿ ಆನ್‌ಲೈನಲ್ಲೂ ಹಾಕಬಹುದು. ಆದರೆ ನಮ್ಮ ರಾಜ್ಯದ ನಿಯಮ ಗೊತ್ತಿರಲಿ: ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. "ನಿಮ್ಮ ವಿಭಾಗದ ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ" ಅಂತ ಬರೆದರೆ ವಾಪಸ್ ಬರುತ್ತದೆ. "ಇಂಥ ವರ್ಷದ, ಲೆಕ್ಕ ಶೀರ್ಷಿಕೆ 5054ರಡಿ, ಇಂಥ ಉಪವಿಭಾಗದ ಅನುಮೋದಿತ ಕ್ರಿಯಾಯೋಜನೆಯ ಪ್ರತಿ" ಅಂತ ಕೇಳಿ. ಶೀರ್ಷಿಕೆಯ ಸಂಖ್ಯೆ ಬಾಯಿಪಾಠ ಮಾಡಿ ಅಂದದ್ದು ಇದಕ್ಕೇ.

ಪಿಡಬ್ಲ್ಯೂಡಿ ಒಂದೇ ಬಾಗಿಲಲ್ಲ

ನಮ್ಮವರಲ್ಲಿ ಸರ್ಕಾರಿ ಕೆಲಸ ಅಂದರೆ ಪಿಡಬ್ಲ್ಯೂಡಿ, ಇಲ್ಲ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ಅನ್ನುವ ಲೆಕ್ಕ. ಅಲ್ಲಿಯೇ ಎಲ್ಲರೂ ಮುಗಿಬೀಳುವುದರಿಂದ ಪೈಪೋಟಿಯೂ ಅಲ್ಲೇ ಜಾಸ್ತಿ. ಸುತ್ತ ನೋಡಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ, ಸಣ್ಣ ನೀರಾವರಿ, ನಾಲ್ಕು ದೊಡ್ಡ ನೀರಾವರಿ ನಿಗಮಗಳು (ಕಾವೇರಿ, ಕರ್ನಾಟಕ, ಕೃಷ್ಣಾ ಭಾಗ್ಯ ಜಲ, ವಿಶ್ವೇಶ್ವರಯ್ಯ ಜಲ), ಗೃಹ ಮಂಡಳಿ, ಪೊಲೀಸ್ ವಸತಿ ನಿಗಮ, ವಸತಿ ಶಾಲೆ ಕಟ್ಟಿಸುವ ಕ್ರೈಸ್, ನಗರ ನೀರು ಸರಬರಾಜು ಮಂಡಳಿ. ಇವೆಲ್ಲ ದೊಡ್ಡವು. ಆಮೇಲೆ ಯಾರೂ ಅಷ್ಟಾಗಿ ಇಣುಕದ ಬಾಗಿಲುಗಳಿವೆ. ವಿಶ್ವವಿದ್ಯಾಲಯಗಳ ಎಂಜಿನಿಯರಿಂಗ್ ವಿಭಾಗ, ಎಪಿಎಂಸಿ ಯಾರ್ಡುಗಳ ರಸ್ತೆ ಮತ್ತು ಗೋದಾಮು, ಕೆಪಿಟಿಸಿಎಲ್ ಸಬ್‌ಸ್ಟೇಷನ್ನಿನ ಕಾಂಪೌಂಡು ಮತ್ತು ಸಿಬ್ಬಂದಿ ವಸತಿ, ಸಾರಿಗೆ ನಿಗಮಗಳ ಬಸ್ ನಿಲ್ದಾಣ ಮತ್ತು ಡಿಪೋ. ನನ್ನನ್ನು ಕೇಳಿದರೆ ಹೊಸಬರು ಶುರು ಮಾಡಬೇಕಾದದ್ದು ಇಲ್ಲಿಂದಲೇ.

ಬೆಂಗಳೂರಿನವರಿಗೆ ಒಂದು ಸೂಚನೆ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ಹಳೆಯ ಹೆಸರಿನಲ್ಲೇ ಹುಡುಕುತ್ತಾ ಕೂತರೆ ಹೊಸ ಟೆಂಡರ್ ಕಣ್ಣಿಗೆ ಬೀಳುವುದಿಲ್ಲ.

ಕೆಆರ್‌ಐಡಿಎಲ್ (ಸರ್ಕಾರದ ಗ್ರಾಮೀಣ ಮೂಲಸೌಕರ್ಯ ನಿಗಮ, ಹಳಬರ ಬಾಯಲ್ಲಿ ಇನ್ನೂ ಭೂಸೇನೆ) ಮತ್ತು ನಿರ್ಮಿತಿ ಕೇಂದ್ರಗಳ ಕಥೆ ಬೇರೆ. ಇವುಗಳಿಗೆ ಇಲಾಖೆಗಳು ಟೆಂಡರ್ ಇಲ್ಲದೆ ನೇರವಾಗಿ ಕೆಲಸ ವಹಿಸುವುದುಂಟು. ಸರ್ಕಾರಿ ಟೆಂಡರ್‌ಗಳ ನಿಯಮ ಹೇಳುವ ಕೆಟಿಪಿಪಿ ಕಾಯ್ದೆಯ 4(ಜಿ) ವಿನಾಯಿತಿ ಅಂತ ನೀವು ಕೇಳಿರುತ್ತೀರಿ, ಅದು ಇದೇ. ಅಲ್ಲಿ ತುಂಡು ಕೆಲಸ ಮಾಡಿಕೊಡುವವರು ಬಹಳ ಮಂದಿ. ಕೂಲಿ, ಸಾಮಾನಿನ ಲೆಕ್ಕದಲ್ಲಿ ದುಡಿಮೆ ಆಗಬಹುದು, ಆದರೆ ಕೆಲಸ ನಿಮ್ಮ ಹೆಸರಿನಲ್ಲಿ ಇರುವುದಿಲ್ಲ. ದೊಡ್ಡ ಗುತ್ತಿಗೆದಾರರ ಕೈಕೆಳಗೆ ಸಬ್ ಕಾಂಟ್ರಾಕ್ಟ್ ಮಾಡುವವರದೂ ಇದೇ ಸಮಸ್ಯೆ. ಟೆಂಡರ್‌ಗಳಲ್ಲಿ ಕೇಳುವುದು ಮುಖ್ಯ ಗುತ್ತಿಗೆದಾರನಾಗಿ ಮುಗಿಸಿದ ಕೆಲಸದ ಅನುಭವ. ಹತ್ತು ವರ್ಷ ಸಬ್ ಮಾಡಿದವರು ಕೂಡ ಕಾಗದದ ಮೇಲೆ ಹೊಸಬರೇ. ಹಾಗಾಗಿ ಸಬ್ ಕೆಲಸ ಬಿಡಬೇಡಿ, ಅದರ ಜೊತೆಗೆ ವರ್ಷಕ್ಕೆ ಒಂದಾದರೂ ಸಣ್ಣ ಕೆಲಸ ನಿಮ್ಮದೇ ಹೆಸರಿನಲ್ಲಿ ಮಾಡಿ.

ಕೇಂದ್ರದ ಕೆಲಸಗಳಿಗೆ ಸಿಪಿಪಿ (ಕೇಂದ್ರ ಸಾರ್ವಜನಿಕ ಸಂಗ್ರಹಣಾ) ಪೋರ್ಟಲ್ ನೋಡಬೇಕು. ಸಿಪಿಡಬ್ಲ್ಯೂಡಿಗೆ ತನ್ನದೇ ಇ-ಟೆಂಡರ್ ತಾಣವಿದೆ, ರಕ್ಷಣಾ ಇಲಾಖೆಯದ್ದು ಬೇರೆ. ರೈಲ್ವೆಯದ್ದು ಪೂರಾ ಅದರದೇ ಇ-ಟೆಂಡರ್ ತಾಣವಾದ ಐಆರ್‌ಇಪಿಎಸ್‌ನಲ್ಲಿ. ರೈಲ್ವೆ ಕೆಲಸ ಹುಡುಕುವಾಗ ಜನ ಎಡವುವುದು ವಿಭಾಗದ ವಿಷಯದಲ್ಲಿ. ನೈಋತ್ಯ ರೈಲ್ವೆಯ ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗ ನೋಡಿ ಸುಮ್ಮನಾಗುತ್ತಾರೆ. ಆದರೆ ಮಂಗಳೂರು ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿವೆ, ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ, ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದಲ್ಲಿ. ಊರು ನಮ್ಮದಾದರೂ ಟೆಂಡರ್ ಹೊರಡುವುದು ಕೇರಳ, ಮಹಾರಾಷ್ಟ್ರ, ತೆಲಂಗಾಣದಿಂದ.

ಗ್ರಾಮೀಣ ರಸ್ತೆ ಮಾಡುವವರು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ನಾಲ್ಕನೇ ಹಂತದ ಮೇಲೂ ಕಣ್ಣಿಡಿ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಒಪ್ಪಿದ್ದು, 2028-29ರವರೆಗೆ ನಡೆಯುವಂಥದ್ದು, ದೇಶಕ್ಕೆಲ್ಲ 62,500 ಕಿಲೋಮೀಟರ್ ರಸ್ತೆ.

ಪೋರ್ಟಲ್ ಬಳಸುವ ಬಗೆ

ರಾಜ್ಯದ ಟೆಂಡರ್‌ಗಳಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್, ಅಂದರೆ ಕೆಪಿಪಿಪಿ. ಹಳೆಯ ಇ-ಪ್ರೊಕ್ಯೂರ್‌ಮೆಂಟ್ ತಾಣದ ಜಾಗಕ್ಕೆ ಬಂದದ್ದು. ಟೆಂಡರ್ ನೋಡಲು ಲಾಗಿನ್ ಬೇಕಿಲ್ಲ. ಹಾಕಲು ನೋಂದಣಿ ಬೇಕು, ಕ್ಲಾಸ್-3 ಡಿಜಿಟಲ್ ಸಹಿ (ಡಿಎಸ್‌ಸಿ) ಬೇಕು. ಡಿಎಸ್‌ಸಿ ಅವಧಿ ಮುಗಿಯುವ ದಿನಾಂಕವನ್ನು ಗೋಡೆಯ ಮೇಲೆ ಬರೆದಿಡಿ. ಕೊನೆಯ ದಿನ ಸಂಜೆ ನಾಲ್ಕಕ್ಕೆ ಟೋಕನ್ ಚುಚ್ಚಿದಾಗ ಅವಧಿ ಮುಗಿದಿದೆ ಅಂತ ಬಂದರೆ ಯಾರೂ ಏನೂ ಮಾಡಲಾರರು.

ಹುಡುಕುವಾಗ ಊರಿನ ಹೆಸರಿನಿಂದ ಹುಡುಕಬೇಡಿ. ಹೆಸರಿನ ಕಾಗುಣಿತ ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಬರೆದಿರುತ್ತಾನೆ. ಇಲಾಖೆ, ಕಚೇರಿ, 'ವರ್ಕ್ಸ್' ಅನ್ನುವ ವಿಭಾಗ, ಮೊತ್ತದ ಮಿತಿ, ಇವನ್ನು ಹಾಕಿ ಸೋಸಿ. ಟೆಂಡರ್ ಸಂಖ್ಯೆಯನ್ನೇ ಓದಲು ಕಲಿತರೆ ಇನ್ನೂ ಬೇಗ. ಅದರಲ್ಲಿ ಇಲಾಖೆ, ವರ್ಷ, ಕೆಲಸದ ಬಗೆ, ಇಂಡೆಂಟ್ ನಂಬರ್ ಎಲ್ಲ ಇರುತ್ತದೆ. ಕೊನೆಯಲ್ಲಿ 'ಕಾಲ್-2' ಅಂತ ಇದ್ದರೆ ಎರಡನೇ ಸಲ ಕರೆದದ್ದು ಅಂತ ಅರ್ಥ. ಇಂಥವನ್ನು ನಾನು ಬೇರೆಯಾಗಿ ಗುರುತು ಹಾಕಿಡುತ್ತೇನೆ. ಮೊದಲ ಸಲ ಯಾರೂ ಹಾಕಿಲ್ಲ, ಅಥವಾ ಹಾಕಿದವರು ಅರ್ಹರಾಗಿಲ್ಲ, ಅಥವಾ ರೇಟ್ ತೀರಾ ಜಾಸ್ತಿ ಬಂದು ರದ್ದಾಗಿದೆ. ಕಾರಣ ತಿಳಿದುಕೊಳ್ಳಿ. ಜಾಗದ ತಕರಾರಿನಿಂದ ಯಾರೂ ಮುಟ್ಟದ ಕೆಲಸವಾದರೆ ನೀವೂ ಮುಟ್ಟಬೇಡಿ. ಸುಮ್ನೆ ಜನರ ಕಣ್ಣಿಗೆ ಬೀಳದೆ ಉಳಿದದ್ದಾದರೆ ಅದು ನಿಮ್ಮ ಅದೃಷ್ಟ.

ದುಡ್ಡು ತೆಗೆದುಕೊಂಡು ದಿನಾ ಟೆಂಡರ್ ಪಟ್ಟಿ ಕಳಿಸುವ ಖಾಸಗಿ ಸೇವೆಗಳಿವೆ. ಹತ್ತಾರು ಇಲಾಖೆಗಳಲ್ಲಿ ಹಾಕುವವರಿಗೆ ಅನುಕೂಲ. ಎರಡು ತಾಲ್ಲೂಕಿನೊಳಗೆ ಕೆಲಸ ಮಾಡುವವರಿಗೆ ಅದು ದಂಡ.

ಮೀಸಲಾತಿಯ ಅಂಕಣ ತಪ್ಪದೆ ನೋಡಿ. 1 ಕೋಟಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95, ಪ್ರವರ್ಗ-1ಕ್ಕೆ ಶೇ. 4, 2ಎಗೆ ಶೇ. 15 ಅಂತ ತೆಗೆದಿಡುತ್ತಾರೆ. ಮಿತಿಯನ್ನು 2 ಕೋಟಿಗೆ ಏರಿಸಿ 2ಬಿಯನ್ನೂ ಸೇರಿಸುವ 2025ರ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ಕಳಿಸಿದರು. ಹಾಗಾಗಿ ಪೇಪರಿನ ಸುದ್ದಿ ನಂಬಿ ಕೂರದೆ, ಆಯಾ ಟೆಂಡರ್ ಪ್ರಕಟಣೆಯಲ್ಲಿ ಏನಿದೆಯೋ ಅದನ್ನು ನೋಡಿ. ಜಾತಿ ಪ್ರಮಾಣಪತ್ರ, ಲೈಸೆನ್ಸ್, ಪ್ಯಾನ್ ಮೂರರಲ್ಲೂ ಹೆಸರು ಒಂದೇ ಥರ ಇರಬೇಕು. ಇನಿಷಿಯಲ್ ಹಿಂದೆ ಮುಂದೆ ಆಗಿ ಬಿದ್ದುಹೋದ ಅರ್ಜಿಗಳು ಬೇಕಾದಷ್ಟಿವೆ.

ಇನ್ನೊಂದು ತಪ್ಪು ತಿಳಿವಳಿಕೆ. ಉದ್ಯಮ್ ನೋಂದಣಿ ಇದ್ದರೆ ಇಎಂಡಿ ಕಟ್ಟಬೇಕಿಲ್ಲ ಅಂತ ಸೈಬರ್ ಸೆಂಟರಿನವರು ಹೇಳಿಕಳಿಸುತ್ತಾರೆ. ಕೇಂದ್ರದ ಆ ಸೌಲಭ್ಯ ಸಣ್ಣ ಉದ್ಯಮಗಳಿಂದ ಕೊಳ್ಳುವ ಸಾಮಾನು ಮತ್ತು ಸೇವೆಗಳಿಗೆ. ಸಿವಿಲ್ ಕಾಮಗಾರಿ ಗುತ್ತಿಗೆ ಅದರಲ್ಲಿ ಬರುವುದಿಲ್ಲ. ಟೆಂಡರ್‌ನಲ್ಲಿ ಬಾಯಿಬಿಟ್ಟು ವಿನಾಯಿತಿ ಅಂತ ಬರೆದಿದ್ದರೆ ಮಾತ್ರ ಅದನ್ನು ನಂಬಿ.

ನಿಮ್ಮ ಯೋಗ್ಯತೆಯ ಲೆಕ್ಕ ಮೊದಲು ನೀವೇ ಹಾಕಿ

ಕರ್ನಾಟಕದಲ್ಲಿ ಕಾಮಗಾರಿಯ ಗಾತ್ರಕ್ಕೆ ತಕ್ಕಂತೆ ಕೆಡಬ್ಲ್ಯೂ-1ರಿಂದ ಕೆಡಬ್ಲ್ಯೂ-6ರವರೆಗೆ ಟೆಂಡರ್ ದಾಖಲೆಯ ನಮೂನೆಗಳಿವೆ. ಚಿಕ್ಕ ಕೆಲಸದವುಗಳಲ್ಲಿ ಷರತ್ತು ಕಡಿಮೆ. ಕೆಡಬ್ಲ್ಯೂ-4ಕ್ಕೆ ಬಂದಾಗ ನಿಜವಾದ ಪರೀಕ್ಷೆ. ವಹಿವಾಟು ಎಷ್ಟು, ಇದೇ ಥರದ ಕೆಲಸ ಮಾಡಿದ್ದೀರಾ (ಸಾಮಾನ್ಯವಾಗಿ ಅಂದಾಜು ಮೊತ್ತದ ಅರ್ಧದಷ್ಟಾದರೂ ಇರುವ ಒಂದು ಕೆಲಸ ಕೇಳುತ್ತಾರೆ), ಯಂತ್ರ ಯಾವುದಿದೆ, ಕೈಯಲ್ಲಿ ದುಡ್ಡೆಷ್ಟಿದೆ, ಎಂಜಿನಿಯರ್ ಯಾರು. ಇದರ ಮೇಲೆ ಟೆಂಡರ್ ಸಾಮರ್ಥ್ಯದ ಸೂತ್ರ.

ಸೂತ್ರ ಇಷ್ಟೇ: ಎ × ಎನ್ × 1.5 − ಬಿ. 'ಎ' ಅಂದರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷದಲ್ಲಿ ನೀವು ಮಾಡಿದ ಅತಿ ಹೆಚ್ಚಿನ ಸಿವಿಲ್ ಕೆಲಸದ ಮೊತ್ತ, ಇಂದಿನ ಬೆಲೆಗೆ ಏರಿಸಿಕೊಂಡು. 'ಎನ್' ಅಂದರೆ ಈ ಕೆಲಸ ಮುಗಿಸಲು ಕೊಟ್ಟ ಅವಧಿ, ವರ್ಷದ ಲೆಕ್ಕದಲ್ಲಿ. 'ಬಿ' ಅಂದರೆ ಆ ಅವಧಿಯಲ್ಲಿ ನಿಮ್ಮ ತಲೆ ಮೇಲೆ ಈಗಾಗಲೇ ಇರುವ ಬಾಕಿ ಕೆಲಸ.

ಒಂದು ಉದಾಹರಣೆ ಹಾಕಿ ನೋಡೋಣ. ಕೆಲಸ 1 ಕೋಟಿ 20 ಲಕ್ಷದ್ದು, ಅವಧಿ ಒಂಬತ್ತು ತಿಂಗಳು, ಅಂದರೆ ಎನ್ 0.75. ನಿಮ್ಮ ಎ 1 ಕೋಟಿ 60 ಲಕ್ಷ ಅಂತಿಟ್ಟುಕೊಳ್ಳಿ. ಗುಣಿಸಿದರೆ 1 ಕೋಟಿ 80 ಲಕ್ಷ. ಕೈಯಲ್ಲಿರುವ ಕೆಲಸ 70 ಲಕ್ಷ ಅಂತ ಬರೆದಿರಿ. ಉಳಿದದ್ದು 1 ಕೋಟಿ 10 ಲಕ್ಷ. ಹತ್ತು ಲಕ್ಷ ಕಡಿಮೆ, ಹೊರಗೆ. ಆದರೆ ಆ 70 ಲಕ್ಷ ನಿಜವಾ? ಹೆಚ್ಚಿನವರು ಇಲ್ಲಿ ಒಪ್ಪಂದದ ಪೂರ್ತಿ ಮೊತ್ತ ಬರೆದುಬಿಡುತ್ತಾರೆ. ಅದರಲ್ಲಿ 15 ಲಕ್ಷದ ಕೆಲಸ ಮುಗಿದು ಅಳತೆ ಪುಸ್ತಕದಲ್ಲಿ (ಎಂ.ಬಿ.) ದಾಖಲಾಗಿದ್ದರೆ ಬಾಕಿ 55 ಲಕ್ಷ ಮಾತ್ರ. ಆಗ ಸಾಮರ್ಥ್ಯ 1 ಕೋಟಿ 25 ಲಕ್ಷ, ನೀವು ಒಳಗೆ. ಇದಕ್ಕೆ ಕಾರ್ಯಪಾಲಕ ಎಂಜಿನಿಯರ್ (ಇಇ) ಸಹಿ ಮಾಡಿದ ಪತ್ರ ಬೇಕು, ಮತ್ತು ಆ ಪತ್ರ ಟೆಂಡರ್ ಬಂದ ಮೇಲೆ ಓಡಾಡಿದರೆ ಸಿಗುವುದಿಲ್ಲ, ಸಾಹೇಬರು ಮೀಟಿಂಗಿಗೆ ಹೋಗಿರುತ್ತಾರೆ. ಕ್ರಿಯಾಯೋಜನೆಯಲ್ಲಿ ಕೆಲಸ ನೋಡಿದ ತಿಂಗಳೇ ಅರ್ಜಿ ಕೊಟ್ಟು ಮಾಡಿಸಿಟ್ಟುಕೊಳ್ಳಿ. ಮೊದಲೇ ಜಾಡು ಹಿಡಿದವರಿಗೆ ಸಿಗುವ ನಿಜವಾದ ಲಾಭ ಇದು. ಸಾಲ್ವೆನ್ಸಿ (ಆರ್ಥಿಕ ಸಾಮರ್ಥ್ಯದ ಪತ್ರ), ಸಿಎ ಸಹಿಯ ವಹಿವಾಟು ಪತ್ರ, ಅನುಭವ ಪತ್ರ, ಎಲ್ಲಕ್ಕೂ ಸಮಯ ಸಿಗುತ್ತದೆ.

ಬಿಲ್ ಬರುವ ಕೆಲಸವಾ ಇದು?

ಕೆಲಸ ಸಿಗುವುದಕ್ಕಿಂತ ಇದು ದೊಡ್ಡ ಪ್ರಶ್ನೆ. ರಾಜ್ಯದ ಗುತ್ತಿಗೆದಾರರ ಸಂಘ ಬಾಕಿ ಬಿಲ್ಲುಗಳ ಬಗ್ಗೆ ಸರ್ಕಾರಗಳು ಬದಲಾದರೂ ಕೂಗುತ್ತಲೇ ಇದೆ. ಕಮಿಷನ್ ಕಾಟದ ಬಗ್ಗೆ 2021ರಲ್ಲಿ ಪ್ರಧಾನಿಗೇ ಪತ್ರ ಬರೆದದ್ದು ಗೊತ್ತೇ ಇದೆ. ಇದನ್ನೆಲ್ಲ ನಾವು ಒಬ್ಬೊಬ್ಬರೇ ಸರಿಮಾಡಲು ಆಗದು, ಆದರೆ ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಳ್ಳಬಹುದು.

ವಿಭಾಗ ಕಚೇರಿಯ ಲೆಕ್ಕ ಶಾಖೆಗೆ ಹೋಗಿ ಮೂರು ವಿಷಯ ಕೇಳಿ. ಈ ಶೀರ್ಷಿಕೆಯಲ್ಲಿ ಈ ವರ್ಷದ ಅನುದಾನ ಎಷ್ಟು? ಅದೇ ಶೀರ್ಷಿಕೆಯಲ್ಲಿ ಮುಗಿದು ಬಾಕಿ ಇರುವ ಬಿಲ್ಲು ಎಷ್ಟು? ಕೊನೆಯ ಎಲ್‌ಒಸಿ (ಹಣ ಬಿಡುಗಡೆ ಪತ್ರ) ಯಾವಾಗ ಬಂತು, ಯಾವ ತಿಂಗಳವರೆಗಿನ ಬಿಲ್ ಅದರಲ್ಲಿ ಪಾಸಾಯಿತು? ಅನುದಾನ 4 ಕೋಟಿ, ಬಾಕಿ ಬಿಲ್ಲೇ 9 ಕೋಟಿ ಅಂದರೆ ನಿಮ್ಮ ಬಿಲ್ ಸರದಿ ಬರುವುದು ಯಾವಾಗ ಅಂತ ನೀವೇ ಲೆಕ್ಕ ಹಾಕಿ. ಕಾಗದ ಬೇಕಿದ್ದರೆ ಮತ್ತೆ ಅದೇ ಮಾಹಿತಿ ಹಕ್ಕು ಅರ್ಜಿ. ನನ್ನ ಅನುಭವದಲ್ಲಿ ಹಣಕಾಸು ಆಯೋಗದ ದುಡ್ಡು, ಸಂಸದರ ನಿಧಿ, ನಬಾರ್ಡ್ ಸಾಲದ ಕೆಲಸಗಳು, ಹಣ ಮೊದಲೇ ಠೇವಣಿ ಇಟ್ಟ ಡಿಪಾಸಿಟ್ ಕಾಮಗಾರಿಗಳು, ಇವುಗಳಲ್ಲಿ ತಲೆನೋವು ಕಡಿಮೆ. ಚುನಾವಣೆಗೆ ಮುಂಚೆ ಗಡಿಬಿಡಿಯಲ್ಲಿ, ಅನುದಾನ ನೋಡದೆ ಒಪ್ಪಿಗೆಯಾದ ಕೆಲಸಗಳಿಂದ ದೂರ ಇರಿ.

"ವಿಧಾನಸೌಧದಲ್ಲಿ ನಮ್ಮವರಿದ್ದಾರೆ, ವರ್ಕ್ ಆರ್ಡರ್ ಕೈಗೆ ತಂದುಕೊಡುತ್ತೇವೆ, ಮೊದಲು ಇಷ್ಟು ಕೊಡಿ" ಅನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಅವರು ತೋರಿಸುವ ಆದೇಶದ ಟೆಂಡರ್ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿ ನೋಡಿ. ಕಾಣದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ.

ರೇಟ್ ಹಾಕುವ ಮುಂಚೆ ಜಾಗಕ್ಕೆ ಹೋಗಿ

ಅಂದಾಜುಪಟ್ಟಿ ಕೂಡುವುದು ಇಲಾಖೆಯ ಎಸ್‌ಆರ್ ದರಪಟ್ಟಿಯ ಮೇಲೆ. ಅದನ್ನು ಇಳಿಸಿಕೊಂಡು ಒಂದೊಂದು ಐಟಂ ಹೋಲಿಸಿ. ಯಾವ ವರ್ಷದ ಎಸ್‌ಆರ್ ಅಂತ ಮೊದಲು ನೋಡಿ, ಹಳೆಯದಾದರೆ ಎಸ್ಟಿಮೇಟ್ ರೇಟಿಗೆ ಹಾಕಿದರೂ ನಷ್ಟವಾಗಬಹುದು.

ಆಮೇಲೆ ಲೀಡ್. ಜೆಲ್ಲಿ, ಎಂ-ಸ್ಯಾಂಡ್, ಗ್ರಾವೆಲ್ ಎಷ್ಟು ದೂರದಿಂದ ಬರುತ್ತದೆ ಅಂತ ಎಸ್ಟಿಮೇಟಿನಲ್ಲಿ ಒಂದು ನಕ್ಷೆ ಇರುತ್ತದೆ. ಅದರಲ್ಲಿ ಕ್ವಾರಿ 18 ಕಿಲೋಮೀಟರ್ ಅಂತ ತೋರಿಸಿ, ಆ ಕ್ವಾರಿ ಮುಚ್ಚಿಹೋಗಿ ನೀವು 45 ಕಿಲೋಮೀಟರಿನಿಂದ ಟಿಪ್ಪರ್ ಓಡಿಸುವ ಹಾಗಾದರೆ, ನಿಮ್ಮ ಲಾಭ ಡೀಸೆಲ್‌ಗೆ ಹೋಯಿತು. ಟೆಂಡರ್ ಹಾಕುವ ಮುಂಚೆ ಆ ಕ್ವಾರಿಗೇ ಹೋಗಿ ನೋಡಿ, ನಡೆಯುತ್ತಿದೆಯಾ, ಪರ್ಮಿಟ್ ಕೊಡುತ್ತಾರಾ ಅಂತ ಕೇಳಿ. ಪರ್ಮಿಟ್ ಇಲ್ಲದಿದ್ದರೆ ರಾಜಧನ (ರಾಯಲ್ಟಿ) ನಿಮ್ಮ ಬಿಲ್ಲಿನಲ್ಲೇ ಕಡಿತವಾಗುತ್ತದೆ.

ಕಡಿತಗಳು ಇನ್ನೂ ಇವೆ. ಜಿಎಸ್‌ಟಿ ಬಿಟ್ಟು 10 ಲಕ್ಷದ ಬಿಲ್ ಅಂತಿಟ್ಟುಕೊಳ್ಳಿ. ಕಾರ್ಮಿಕ ಕಲ್ಯಾಣ ಸೆಸ್ ಶೇ. 1, ಹತ್ತು ಸಾವಿರ, ಇದು ವಾಪಸ್ ಬರುವುದಿಲ್ಲ. ಆದಾಯ ತೆರಿಗೆ ಟಿಡಿಎಸ್ ವ್ಯಕ್ತಿಯಾದರೆ ಶೇ. 1, ಫರ್ಮ್ ಅಥವಾ ಕಂಪನಿಯಾದರೆ ಶೇ. 2, ಇದು ರಿಟರ್ನ್‌ನಲ್ಲಿ ಹೊಂದಾಣಿಕೆ. ಒಪ್ಪಂದ ಎರಡೂವರೆ ಲಕ್ಷ ಮೀರಿದರೆ ಜಿಎಸ್‌ಟಿ ಟಿಡಿಎಸ್ ಶೇ. 2, ಇಪ್ಪತ್ತು ಸಾವಿರ, ಇದು ನಿಮ್ಮ ಕ್ಯಾಶ್ ಲೆಡ್ಜರಿಗೆ ಬರುತ್ತದೆ. ಇದರ ಜೊತೆ ಭದ್ರತಾ ಠೇವಣಿ ಹಿಡಿಯುತ್ತಾರೆ, ಅದು ದೋಷ ಹೊಣೆಗಾರಿಕೆ ಅವಧಿ (ಕೆಲಸದ ದೋಷ ನೀವೇ ಸರಿಪಡಿಸಿಕೊಡಬೇಕಾದ ಕಾಲ) ಮುಗಿಯುವ ತನಕ ಅವರ ಹತ್ತಿರವೇ. ವಾಪಸ್ ಬರುವ ದುಡ್ಡೂ ಸೇರಿ ಇದೆಲ್ಲ ತಿಂಗಳುಗಟ್ಟಲೆ ಕೈಯಲ್ಲಿ ಇರುವುದಿಲ್ಲ, ಅದಕ್ಕೆ ಬಡ್ಡಿ ಕಟ್ಟುವವರು ನೀವು. ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ 2022ರ ಜುಲೈ 18ರಿಂದ ಶೇ. 12ರಿಂದ 18ಕ್ಕೆ ಏರಿತು. ಹಾಕುವ ದರ ಜಿಎಸ್‌ಟಿ ಸೇರಿಯೋ ಬಿಟ್ಟೋ ಅನ್ನುವುದನ್ನು ಟೆಂಡರ್‌ನಲ್ಲಿ ಎರಡು ಸಲ ಓದಿ. ಸ್ಪಷ್ಟವಿಲ್ಲದಿದ್ದರೆ ಗಡುವಿನೊಳಗೆ ಬರಹದಲ್ಲಿ ಸ್ಪಷ್ಟನೆ ಕೇಳಿ, ಫೋನ್ ಮಾತು ಬೇಡ.

ಶೇ. 25 ಬಿಲೋ (ಅಂದಾಜಿಗಿಂತ ಕಡಿಮೆ), 30 ಬಿಲೋ ಹಾಕುವವರ ಜೊತೆ ಜಿದ್ದಿಗೆ ಬೀಳಬೇಡಿ. ತೀರಾ ಕಡಿಮೆ ಹಾಕಿದರೆ ಹೆಚ್ಚುವರಿ ಭದ್ರತೆ ಕೇಳುತ್ತಾರೆ, ಅದಕ್ಕೂ ದುಡ್ಡು ಬೇಕು.

ಕೈ ತಪ್ಪಿದರೆ

ಟೆಕ್ನಿಕಲ್‌ನಲ್ಲಿ ತೆಗೆದುಹಾಕಿದರೆ ಕಚೇರಿಯವರು ಕಾರಣವನ್ನು ಪೋರ್ಟಲ್‌ನಲ್ಲಿ ಹಾಕಬೇಕು. ನೋಡಿ. ಕಾರಣ ಸರಿಯಿಲ್ಲ ಅನಿಸಿದರೆ ಕೆಟಿಪಿಪಿ ಕಾಯ್ದೆಯ 16ನೇ ಕಲಂನಡಿ ಮೇಲ್ಮನವಿಗೆ ಅವಕಾಶವಿದೆ, 30 ದಿನದೊಳಗೆ. ಎಲ್ಲದಕ್ಕೂ ಮೇಲ್ಮನವಿ ಹಾಕುತ್ತಾ ಕೂರುವುದು ಬುದ್ಧಿವಂತಿಕೆ ಅಲ್ಲ. ಆದರೆ ದಾಖಲೆ ಇದ್ದೂ ಇಲ್ಲ ಅಂತ ಬರೆದು ತೆಗೆದಿದ್ದರೆ ಬಿಡಲೂಬಾರದು.

ರೇಟಿನಲ್ಲಿ ಸೋತಿದ್ದರೆ ಎಲ್‌1 (ಎಲ್ಲರಿಗಿಂತ ಕಡಿಮೆ ದರ ಹಾಕಿದವರು) ಯಾರು, ಎಷ್ಟು ಬಿಲೋ, ಎಷ್ಟು ಜನ ಹಾಕಿದ್ದರು ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಕಚೇರಿವಾರು ಬರೆದಿಡಿ. ಹತ್ತಿಪ್ಪತ್ತು ಟೆಂಡರ್ ಆದ ಮೇಲೆ ಯಾವ ಉಪವಿಭಾಗದಲ್ಲಿ ಇಬ್ಬರೇ ಹಾಕುತ್ತಾರೆ, ಎಲ್ಲಿ ಹತ್ತು ಜನ ಕಿತ್ತಾಡುತ್ತಾರೆ ಅಂತ ಕಾಣುತ್ತದೆ. ಆ ಪುಸ್ತಕವನ್ನೂ ಮುಂದಿನ ವರ್ಷದ ಕ್ರಿಯಾಯೋಜನೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಏಪ್ರಿಲ್‌ನಲ್ಲಿ ಮತ್ತೆ ಕೂತುಕೊಳ್ಳಿ.